ಹೆಗಲು ಮುಟ್ಟುವವರೆಗೂ ಪಾಳಿ ಮುಗಿಯುವುದಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾಗದದ ಮಿಲ್ಲಿನ ಗೇಟಿನ ಪಕ್ಕ, ಸೈಕಲ್ ನಿಲ್ಲಿಸುವ ಶೆಡ್ಡಿನ ಗೋಡೆಗೆ ಒಂದು ಕರಿಹಲಗೆ ತಗುಲಿಸಿದೆ. ಅದರ ಮುಂದೆ ನೀಲಿ ಕೋಟು ತೊಟ್ಟ ಹೆಂಗಸೊಬ್ಬರು ತುದಿಗಾಲಲ್ಲಿ ನಿಂತು ಡಸ್ಟರ್‌ನಿಂದ ನಿನ್ನೆಯ ಅಕ್ಷರಗಳನ್ನು ಒರೆಸುತ್ತಿದ್ದಾರೆ. ಹಲಗೆಯನ್ನು ಗೆರೆ ಎಳೆದು ಮೂರು ಪಾಲು ಮಾಡಿದೆ. ಎಡಕ್ಕೆ ಇಂಗ್ಲಿಷ್ ಪದ, ನಡುವೆ ಅದರ ಅರ್ಥ, ಬಲಕ್ಕೆ ಅದರ ಸ್ಪ್ಯಾನಿಷ್. ಒರೆಸುವ ಕೈ ಎಲ್ಲ ಕಡೆ ಓಡಾಡುತ್ತದೆ, ಮೇಲಿನ ಸಾಲೊಂದನ್ನು ಮಾತ್ರ ಮುಟ್ಟದೆ ಸುತ್ತಿ ಬರುತ್ತದೆ. ಆ ಸಾಲಿನಲ್ಲಿ ಹೀಗಿದೆ: ಶಿಫ್ಟ್, ಪಾಳಿ, ತುರ್ನೊ.

ಅದರ ಕೆಳಗೆ ಇವತ್ತಿನ ಪದ ಬರುತ್ತದೆ. ಗ್ಲೌಸ್, ಕೈಗವಸು, ಗ್ವಾಂತೆಸ್.

"ಅಕ್ಕಾ, ಇವತ್ತೇನು ಪಾಠ?" ರದ್ದಿ ಕಾಗದ ಇಳಿಸುವವನೊಬ್ಬ ಸೈಕಲ್ಲಿಗೆ ಬೀಗ ಹಾಕುತ್ತ ಕೇಳುತ್ತಾನೆ.

"ಕೈಗವಸು. ಮೂರು ಭಾಷೇಲಿ ಹೇಳಿದ್ರೂ ನೀನು ಹಾಕ್ಕೊಳ್ಳದೇ ಇರೋದು."

ಅವನು ಬರಿಗೈಯನ್ನು ಬೆನ್ನ ಹಿಂದೆ ಅಡಗಿಸುತ್ತಾನೆ. ಹಿಂದಿದ್ದವರು ನಗುತ್ತಾರೆ. ಇನ್ನೊಬ್ಬನಿಗೆ ಸುಮ್ಮನಿರಲಾಗುವುದಿಲ್ಲ. "ಹಾವಿಗೇ ಎರಡು ನಾಲಿಗೆ. ನಮ್ಮ ಅಕ್ಕಂಗೆ ಮೂರು!"

"ಹಾವಿಗೆ ಸಂಬಳ ಇಲ್ಲವಲ್ಲಪ್ಪ, ಅದಕ್ಕೆ ಎರಡರಲ್ಲೇ ಸುಧಾರಿಸ್ಕೊಳ್ಳುತ್ತೆ" ಎನ್ನುತ್ತಾರೆ ಅವರು, ಹಲಗೆಯಿಂದ ಕಣ್ಣು ತೆಗೆಯದೆ.

ಇವರು ಈ ಮಿಲ್ಲಿನ ದುಭಾಷಿ. ಯಂತ್ರಗಳ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವುದು ಕೆಲಸ. ಮಿಲ್ಲಿನಲ್ಲಿ ಎಲ್ಲರೂ ಇವರನ್ನು ತುರ್ನೊ ಅಕ್ಕ ಎಂದೇ ಕರೆಯುತ್ತಾರೆ. ನಾನು ಬಂದದ್ದು ಈ ಕರಿಹಲಗೆಯ ಬಗ್ಗೆ ಒಂದು ಪುಟ್ಟ, ಹಗುರವಾದ ಬರಹ ಬರೆಯಲು. ದಿನಕ್ಕೊಂದು ಕೆಲಸದ ಪದ, ಅದರ ಅರ್ಥ, ಅದರ ಸ್ಪ್ಯಾನಿಷ್. ವಾರಾಂತ್ಯದ ಓದಿಗೆ ಹೇಳಿ ಮಾಡಿಸಿದ ವಿಷಯ. ಮಿಲ್ಲಿನ ಮ್ಯಾನೇಜರರೂ ಫೋನಿನಲ್ಲಿ ಉತ್ಸಾಹದಿಂದಲೇ ಒಪ್ಪಿದ್ದರು. ಮೇಲಿನ ಸಾಲನ್ನು ಯಾಕೆ ಒರೆಸುವುದಿಲ್ಲ ಎಂದು ಕೇಳುತ್ತೇನೆ.

"ಅದು ಒರೆಸೋ ಪದ ಅಲ್ಲ" ಎಂದಷ್ಟೇ ಹೇಳಿ ಅವರು ಒಳಗೆ ನಡೆಯುತ್ತಾರೆ.

ಮಿಲ್ಲಿನ ದೊಡ್ಡ ಹಜಾರದ ನಡುವೆ ನೆಲದಲ್ಲೇ ಒಂದು ಭಾರಿ ತೊಟ್ಟಿ. ಅಡುಗೆಮನೆಯ ಮಿಕ್ಸಿ ಜಾರನ್ನು ಒಂದು ಮನೆಯಷ್ಟು ದೊಡ್ಡದು ಮಾಡಿ ನೆಲದಲ್ಲಿ ಹೂತರೆ ಹೇಗಿರಬಹುದೋ ಹಾಗಿದೆ. ತಳದಲ್ಲಿ ಆಳೆತ್ತರಕ್ಕಿಂತ ಅಗಲವಾದ ಉಕ್ಕಿನ ಅಲಗು. ರದ್ದಿ ಕಾಗದದ ಮೂಟೆಗಳು ಬೆಲ್ಟಿನ ಮೇಲೆ ಸಾಗಿ ಬಂದು ಇದರೊಳಗೆ ಬೀಳುತ್ತವೆ, ನೀರಿನೊಂದಿಗೆ ತಿರುಗಿ ತಿರುಗಿ ಅಂಬಲಿಯಂತಾಗುತ್ತವೆ. ಕೆಲಸಗಾರರು ಇದನ್ನು ಬಾವಿ ಎನ್ನುತ್ತಾರೆ. ರದ್ದಿಯ ಜೊತೆ ಬಂದ ತಂತಿ, ಪ್ಲಾಸ್ಟಿಕ್ ದಾರ, ಟೇಪು ಅಲಗಿಗೆ ಜಡೆ ಹೆಣೆದಂತೆ ಸುತ್ತಿಕೊಳ್ಳುವುದರಿಂದ ರಾತ್ರಿ ಪಾಳಿಯ ಕೊನೆಗೆ ಬಾವಿಯನ್ನು ಬರಿದು ಮಾಡಿ, ಮನುಷ್ಯರು ಏಣಿಯಲ್ಲಿ ಇಳಿದು, ಅಲಗಿನ ಪಕ್ಕ ಕುಳಿತು ಅವನ್ನು ಕತ್ತರಿಸಿ ತೆಗೆಯಬೇಕು. ಅಂಚಿಗೆ ನಿಂತು ಬಗ್ಗಿ ನೋಡಿದ ನಾನು ನನಗೇ ಗೊತ್ತಿಲ್ಲದೆ ಒಂದು ಹೆಜ್ಜೆ ಹಿಂದಕ್ಕೆ ಬರುತ್ತೇನೆ.

ಸೈರನ್ ಕೂಗುತ್ತದೆ. ರಾತ್ರಿ ಪಾಳಿ ಮುಗಿದು ಬೆಳಗಿನ ಪಾಳಿ ಶುರುವಾಗುವ ಹೊತ್ತು. ಎಲ್ಲರೂ ಬಾಗಿಲಿಗೆ ನುಗ್ಗುತ್ತಾರೆ ಎಂದುಕೊಂಡು ನಾನು ಗೋಡೆಗೆ ಅಂಟಿ ನಿಲ್ಲುತ್ತೇನೆ. ಆದರೆ ಯಾರೂ ಕದಲುವುದಿಲ್ಲ. ಹೊಸ ಪಾಳಿಯವರು ಒಬ್ಬೊಬ್ಬರಾಗಿ ಬಂದು, ತಾವು ಯಾರ ಜಾಗಕ್ಕೆ ನಿಲ್ಲಬೇಕೋ ಅವರ ಹೆಗಲು ಮುಟ್ಟುತ್ತಾರೆ.

"ನಿಂದು" ಎನ್ನುತ್ತಾನೆ ಹೋಗುವವನು.

"ನಂದು" ಎನ್ನುತ್ತಾನೆ ಬಂದವನು.

ಅದಾದ ಮೇಲೆಯೇ ಹೋಗುವವನ ಕೈ ಯಂತ್ರದಿಂದ ಏಳುವುದು. ಒಬ್ಬ ಬಾವಿಯೊಳಗೂ ಇಳಿಯುತ್ತಾನೆ. ಅಲ್ಲಿದ್ದವರ ಹೆಗಲನ್ನು ಒಂದೊಂದಾಗಿ ಮುಟ್ಟಿ, ಅವರನ್ನು ಮುಂದೆ ಬಿಟ್ಟು, ಕೊನೆಗೆ ತಾನು ಹತ್ತಿ ಬಂದು, ಎತ್ತರದ ಗಾಜಿನ ಕೋಣೆಯಲ್ಲಿ ಗುಂಡಿಗಳ ಮುಂದೆ ಕೂತಿರುವವನಿಗೆ ಅಂಗೈ ತೋರಿಸುತ್ತಾನೆ. ಆಮೇಲೆ ಬಾವಿಗೆ ನೀರು ಬೀಳುತ್ತದೆ.

"ಇದೇನಿದು, ಮಕ್ಕಳ ಮುಟ್ಟಾಟದ ಹಾಗೆ?" ಎನ್ನುತ್ತೇನೆ.

"ಇವರೂ ಹಾಗೇ ಅಂತಿದ್ರು. ಮುಟ್ಟಾಟ ಅಂತಲೇ ಹೆಸರಿಟ್ಟಿದ್ದಾರೆ." ತುರ್ನೊ ಅಕ್ಕ ನನ್ನ ಮುಖವನ್ನೇ ನೋಡುತ್ತ ಹೇಳುತ್ತಾರೆ. "ಕಥೆ ಕೇಳ್ತೀರಾ? ಕೇಳಿದ್ಮೇಲೆ ನಿಮ್ಮ ಹಗುರ ಲೇಖನ ಬರೆಯೋಕಾಗಲ್ಲ, ನೋಡಿ ಮತ್ತೆ."

ಮಾತಾಡುವವರ ಮುಖವನ್ನು ಅವರು ಹಾಗೆ ದಿಟ್ಟಿಸುವುದಕ್ಕೆ ಕಾರಣವಿದೆ. ಎಡಗಿವಿ ಬಹುಮಟ್ಟಿಗೆ ಕೇಳಿಸುವುದಿಲ್ಲ. ಸ್ಪ್ಯಾನಿಷ್ ಕಲಿಸಿದ್ದೂ, ಕಿವಿ ಕಿತ್ತುಕೊಂಡದ್ದೂ ಒಂದೇ ಕೆಲಸ. ಮದುವೆಗೆ ಮುಂಚಿನಿಂದಲೂ ಅವರು ಫ್ರಿಜ್ ಮಾರುವ ಕಂಪನಿಯೊಂದರ ಪರವಾಗಿ ದೂರದೇಶದ ಗಿರಾಕಿಗಳ ದೂರು ಕೇಳುವ ಕೆಲಸದಲ್ಲಿದ್ದರು. ಕಾಲೇಜಿನಲ್ಲಿ ಒಂದಿಷ್ಟು ಸ್ಪ್ಯಾನಿಷ್ ಓದಿದ್ದರು. ಉಳಿದದ್ದನ್ನು ಗಿರಾಕಿಗಳು ಕಲಿಸಿದರು.

"ಮೊದಲು ಕಲಿತದ್ದು ಬೈಗುಳ. ಫ್ರಿಜ್ ತಣ್ಣಗಾಗದೇ ಇದ್ರೆ ಮನುಷ್ಯ ಎಷ್ಟು ಬಿಸಿ ಆಗ್ತಾನೆ ಅಂತ ನನ್ನ ಎಡಗಿವಿಯನ್ನ ಕೇಳಿ" ಎಂದು ನಗುತ್ತಾರೆ. ಹೆಡ್‌ಫೋನ್ ಸದಾ ಎಡಕ್ಕೇ ಇರುತ್ತಿತ್ತು. ಮೊದಲು ಗುಂಯ್ ಎನ್ನುವ ಸದ್ದು ಬಂತು, ಆಮೇಲೆ ಸದ್ದೂ ಇಲ್ಲವಾಯಿತು. ಆ ಕೆಲಸ ಬಿಟ್ಟು ಈ ಮಿಲ್ಲಿಗೆ ಸೇರಿದರು. ಯಂತ್ರಗಳ ಅಬ್ಬರದಲ್ಲಿ ಇಲ್ಲಿ ಎರಡು ಕಿವಿ ಇರುವವರಿಗೂ ಏನೂ ಕೇಳಿಸುವುದಿಲ್ಲ. ಎಲ್ಲರೂ ತುಟಿ ನೋಡಿಯೇ ಮಾತು ಹಿಡಿಯಬೇಕು. "ಇಲ್ಲಿ ನಾನೂ ಎಲ್ಲರ ಹಾಗೇ" ಎನ್ನುತ್ತಾರೆ.

ಮನೆ ಮಿಲ್ಲಿನ ಹಿಂದಿನ ಓಣಿಯಲ್ಲಿ. ಕೆಳಗಿನ ಕೋಣೆಯಲ್ಲಿ ಗಂಡ ವಾಹನಗಳ ಸೀಟಿಗೆ ಕವರು ಹೊಲಿಯುತ್ತಾರೆ. ಮೇಲಿನ ಎರಡು ಕೋಣೆಗಳಲ್ಲಿ ಸಂಸಾರ. ಅತ್ತೆ ಗಟ್ಟಿಗಿತ್ತಿ. ಅಮ್ಮ, ಮಗ ಇಬ್ಬರಿಗೂ ಮೂಗಿನ ತುದಿಯಲ್ಲಿ ಕೋಪ. ಮುನಿಸಿಕೊಂಡಾಗಲೆಲ್ಲ ನೇರ ಮಾತಿಲ್ಲ. ನಾನು ಹೋದ ದಿನವೂ ಅತ್ತೆ ಸೊಸೆಯ ಕಡೆ ತಿರುಗಿ, "ನಿನ್ನ ಗಂಡನಿಗೆ ಹೇಳಮ್ಮ, ಹೊಲಿಗೆ ಯಂತ್ರ ಓಡಿಹೋಗಲ್ಲ, ಬಂದು ಊಟ ಮಾಡ್ಲಿ" ಎನ್ನುತ್ತಾರೆ. ಕೆಳಗಿನಿಂದ ಮಗನ ದನಿ ಬರುತ್ತದೆ. "ನಿಮ್ಮ ಅತ್ತೆಗೆ ಹೇಳು, ನನಗೆ ಕಿವಿ ಕೇಳಿಸುತ್ತೆ."

"ನೋಡಿ ಸಾರ್, ಮನೇಲೂ ಇದೇ ಕೆಲಸ. ಇಲ್ಲಿ ಸಂಬಳವೂ ಇಲ್ಲ, ರಜೆಯೂ ಇಲ್ಲ" ಎನ್ನುತ್ತಾರೆ ತುರ್ನೊ ಅಕ್ಕ.

ಅತ್ತೆ ನನಗೆ ನೀರು ಕೊಡುತ್ತ ದನಿ ತಗ್ಗಿಸುತ್ತಾರೆ. "ಬೆಲ್ಟಿನ ಮೇಲೆ ಹತ್ತಿ ಮಲಗಿದ್ದನ್ನ ನಮಗೆ ಹೇಳಲೇ ಇಲ್ಲ ಇವಳು. ಕೋಟು ಯಾಕೆ ಹರೀತು ಅಂದ್ರೆ ಮೊಳೆ ತಾಗಿತು ಅಂದಳು. ಬೀದಿಯವರ ಬಾಯಿಂದ ಗೊತ್ತಾಯ್ತು."

ಅಂದು ನಡೆದದ್ದನ್ನು ನಾನು ತುರ್ನೊ ಅಕ್ಕನಿಂದಲೂ, ಗಾಜಿನ ಕೋಣೆಯಲ್ಲಿ ಕೂರುವ ಆಪರೇಟರರಿಂದಲೂ, ಬಾವಿಯೊಳಗಿದ್ದ ವ್ಯಕ್ತಿಯಿಂದಲೂ ಬೇರೆಬೇರೆಯಾಗಿ ಕೇಳಿ ಹೊಂದಿಸಿಕೊಂಡಿದ್ದೇನೆ. ಮೂವರ ಮಾತೂ ತಾಳೆಯಾಗುತ್ತದೆ. ನಂಬಲು ಕಷ್ಟವಾದದ್ದು ಅದೇ.

ಈ ಬಾವಿ, ಈ ಅಲಗು, ಈ ಬೆಲ್ಟು ಹೊಸತಲ್ಲ. ಸಮುದ್ರದಾಚೆ ಸ್ಪ್ಯಾನಿಷ್ ಮಾತಾಡುವ ಊರೊಂದರಲ್ಲಿ ಮುಚ್ಚಿಹೋದ ಕಾಗದದ ಮಿಲ್ಲಿನಿಂದ ಇಡಿಯಾಗಿ ಬಿಚ್ಚಿ ತಂದದ್ದು. ಯಂತ್ರದ ಜೊತೆ ಅದನ್ನು ಬಲ್ಲ ಕೈಗಳೂ ಬಂದವು. ಅಲ್ಲಿ ಅದನ್ನು ನಡೆಸುತ್ತಿದ್ದ ಒಂದು ಗುಂಪು ಇಲ್ಲಿಗೆ ಬಂದು, ಜೋಡಿಸಿ, ಇಲ್ಲಿಯವರಿಗೆ ಕಲಿಸಿಕೊಟ್ಟು ಹೋಗಬೇಕೆಂದು ಒಪ್ಪಂದ. ಆ ಗುಂಪಿನ ಹಿರಿಯ ಫಿಟ್ಟರ್ ತಾಳೆಮರದಷ್ಟು ಎತ್ತರ. ಬಂದ ದಿನವೇ ಉದ್ದಣ್ಣ ಎಂದು ಹೆಸರಾಯಿತು. ಅವರ ಕೈಕೆಳಗೆ ಕೆಲಸ ಕಲಿಯಲು ನಿಂತ ಇಲ್ಲಿಯ ಕೆಲಸಗಾರ ಅವರ ಸೊಂಟಕ್ಕೆ ಬರುತ್ತಿದ್ದ. ಅವನು ಕುಳ್ಳಣ್ಣನಾದ. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು, ಆದರೂ ದಿನವಿಡೀ ಜಗಳ.

ಮೊದಲ ದಿನ ಮ್ಯಾನೇಜರರು ಎಲ್ಲರನ್ನೂ ನಿಲ್ಲಿಸಿ ಇಂಗ್ಲಿಷಿನಲ್ಲಿ ನಿಯಮಗಳನ್ನು ಹೇಳಿದರು. ಶಿಫ್ಟ್ ಸೈರನ್ನಿಗೆ ಮುಗಿಯುತ್ತದೆ ಎಂದರು. ತುರ್ನೊ ಅಕ್ಕ ಅದನ್ನು ಸ್ಪ್ಯಾನಿಷಿನಲ್ಲಿ ಹೇಳಿದರು. ಶಿಫ್ಟ್ ಎಂದರೆ ತುರ್ನೊ. ಯಾವ ನಿಘಂಟು ತೆಗೆದರೂ ಅದೇ. ಉದ್ದಣ್ಣ ತಲೆಯಾಡಿಸಿದರು. ಅನುವಾದದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಕೇಳಿಸಿಕೊಂಡದ್ದರಲ್ಲೂ ತಪ್ಪಿರಲಿಲ್ಲ.

ಉದ್ದಣ್ಣ ರಾತ್ರಿ ಪಾಳಿಯಲ್ಲಿ ಮೊದಲ ಸಲ ಬಾವಿಗೆ ಇಳಿದದ್ದು ಆಮೇಲೆ ಕೆಲವು ದಿನ ಕಳೆದು. ಜೊತೆಯಲ್ಲಿ ಇಲ್ಲಿಯ ಇಬ್ಬರು. ಸೈರನ್ ಕೂಗಿತು. ಈ ಮಿಲ್ಲಿನಲ್ಲಿ ಅದಕ್ಕೆ ಒಂದೇ ಅರ್ಥ: ಎಲ್ಲಿದ್ದರೂ ಮೇಲೆ ಬಾ. ಇಬ್ಬರೂ ಏಣಿ ಹತ್ತಿದರು, ಬಾ ಎಂದು ಕೈ ಬೀಸಿದರು. ಉದ್ದಣ್ಣನೂ ಕೈ ಬೀಸಿದರು. ಹಿಂದೆಯೇ ಬರುತ್ತಾರೆಂದು ಇವರು ತಿಳಿದರು. ನೀವು ಹೊರಡಿ, ನನ್ನ ಜಾಗಕ್ಕೆ ಬರುವವನು ಬರಲಿ ಎಂಬುದು ಅವರ ಕೈಬೀಸಿನ ಮಾತಾಗಿತ್ತು.

ಅವರ ಜಾಗಕ್ಕೆ ಬರುವವನು ಯಾರೂ ಇರಲಿಲ್ಲ. ಬೆಳಗಿನ ಪಾಳಿಯಲ್ಲಿ ಬಾವಿಗೆ ಇಳಿಯುವ ಕೆಲಸವೇ ಇಲ್ಲ.

ಒಳಗೆ ಜನರಿದ್ದಾಗ ಯಂತ್ರ ಚಾಲೂ ಆಗದಂತೆ ಸ್ವಿಚ್ಚಿಗೆ ಬೀಗ ಇರಲಿಲ್ಲವೇ ಎಂದು ಕೇಳುತ್ತೇನೆ. ಇತ್ತು. ಪಾಳಿ ಮುಗಿದಾಗ ಬೀಗ ತೆಗೆಯುವುದೂ ಹೋಗುವವರದೇ ಕೆಲಸ. ಉದ್ದಣ್ಣ ಹಿಂದೆಯೇ ಇದ್ದಾರೆಂಬ ನಂಬಿಕೆಯಲ್ಲಿ ಆ ಇಬ್ಬರು ಅದನ್ನು ತೆಗೆದೇ ಹೋಗಿದ್ದರು. ಮೇಲಿನ ಕೋಣೆಯಲ್ಲಿದ್ದ ಆಪರೇಟರ್, ಎಲ್ಲರೂ ಗುಂಡಿ ಅಣ್ಣ ಎನ್ನುವ ನಡುವಯಸ್ಸಿನ ಮನುಷ್ಯ, ಬೀಗ ಇಲ್ಲದ್ದನ್ನು ನೋಡಿ ನೀರು ಬಿಟ್ಟರು. ಮೊದಲು ನೀರು, ಆಮೇಲೆ ಬೆಲ್ಟು, ಅದರ ಹಿಂದೆಯೇ ಅಲಗು. ಯಾವಾಗಲೂ ಅದೇ ಕ್ರಮ. ಕೋಣೆಯಿಂದ ಬೆಲ್ಟು ಕಾಣುತ್ತದೆ. ಬಾವಿಯ ತಳ ಕಾಣುವುದಿಲ್ಲ.

ತುರ್ನೊ ಅಕ್ಕ ಆಗ ಕೈ ತೊಳೆಯುವ ನಲ್ಲಿಯ ಬಳಿ ಇದ್ದರು. "ಉದ್ದಣ್ಣ ದಿನಾ ಅಲ್ಲಿ ಒಂದೇ ಜೋಕು ಹೇಳ್ತಿದ್ರು. ನಿಮ್ಮ ಕಾಫಿ ಯಂತ್ರದಿಂದ ಬರೋದು ಕಾಫಿ ಅಲ್ಲ, ಬಾವಿ ನೀರು ಅಂತ. ದಿನಾ ನಾನು ನಗಬೇಕು. ಅವತ್ತು ಯಾರೂ ಜೋಕು ಹೇಳಲಿಲ್ಲ. ಮುಖಗಳನ್ನ ನೋಡಿದೆ. ಆ ಒಂದು ಮುಖ ಇಲ್ಲ. ಅಷ್ಟರಲ್ಲಿ ನೆಲ ನಡುಗ್ತು. ನೀರಿನ ಪೈಪು ತೆರೆದ್ರೆ ನನಗೆ ಕಿವಿಗಿಂತ ಮೊದಲು ಕಾಲಿಗೆ ಗೊತ್ತಾಗುತ್ತೆ."

ಓಡಿದರು. ಕಿರುಚಿದರು. ಗುಂಡಿ ಅಣ್ಣನ ಕಿವಿಗೆ ಸದ್ದು ತಡೆಯುವ ಮುಚ್ಚಳ, ಅದರ ಹೊರಗೆ ಗಾಜು, ಅದರ ಹೊರಗೆ ನೀರಿನ ಮೊರೆತ. ಮೂರು ಭಾಷೆಯಲ್ಲಿ ಕೂಗಿದರೂ ಯಾರಿಗೂ ಏನೂ ತಲುಪಲಿಲ್ಲ. ಬೆಲ್ಟು ಹೊರಟಿತ್ತು.

ತುರ್ನೊ ಅಕ್ಕ ಬೆಲ್ಟಿನ ಮೇಲೆ ಹತ್ತಿ, ರದ್ದಿಯ ಎರಡು ಮೂಟೆಗಳ ನಡುವೆ ಮಲಗಿದರು.

ಇದನ್ನು ಅವರು ಹೇಳುವುದು, ಬಸ್ಸು ತಪ್ಪಿತು, ನಡೆದು ಬಂದೆ ಎನ್ನುವಷ್ಟು ಸಹಜವಾಗಿ. ನಾನು ಬರೆಯುವುದನ್ನು ನಿಲ್ಲಿಸಿ ಆ ಬೆಲ್ಟನ್ನು ನೋಡುತ್ತೇನೆ. ಅದು ಸಾಗುವ ದಿಕ್ಕನ್ನು ನೋಡುತ್ತೇನೆ. ಅದರ ಕೊನೆಯಲ್ಲಿ ಬಾವಿಯ ಬಾಯಿ. ಪಕ್ಕದ ಕಂಬದಲ್ಲಿ, ಕೈಗೆಟುಕುವ ಎತ್ತರದಲ್ಲಿ, ಎಲ್ಲವನ್ನೂ ಒಮ್ಮೆಗೇ ನಿಲ್ಲಿಸುವ ಕೆಂಪು ಗುಂಡಿ ಇದೆ.

"ಅದು ಅಲ್ಲೇ ಇತ್ತಲ್ಲ?" ಎನ್ನುತ್ತೇನೆ.

"ಇತ್ತು ಸಾರ್. ಕೆಂಪು ಗುಂಡಿ ಕಂಬದ ಮೇಲಿದೆ, ಅಪಾಯ ಅಂದ್ರೆ ಒತ್ತಿ ಅಂತ ಬಂದವರಿಗೆಲ್ಲ ಹೇಳಿದವಳು ನಾನೇ. ಎಷ್ಟು ಸಲ ಹೇಳಿದ್ದೀನೋ! ಅವತ್ತು ನನಗೇ ನೆನಪಾಗಲಿಲ್ಲ. ಬೇರೆಯವರಿಗೆ ದಾಟಿಸಿದ ಮಾತು ನನ್ನೊಳಗೆ ಇಳಿದೇ ಇರಲಿಲ್ಲ. ಗುಂಡಿ ಅಣ್ಣಂಗೆ ಬೆಲ್ಟು ಕಾಣುತ್ತೆ ಅನ್ನೋದು ಮಾತ್ರ ಹೊಳೀತು. ಮಲಗಿಬಿಟ್ಟೆ."

ಗುಂಡಿ ಅಣ್ಣ ಕಂಡದ್ದು ಮೂಟೆಗಳ ನಡುವೆ ನೀಲಿ ಕೋಟು. "ಮೊದಲು ರದ್ದಿ ಬಟ್ಟೆ ಬಂದಿದೆ ಅಂದ್ಕೊಂಡೆ. ಆಮೇಲೆ ನೋಡಿದ್ರೆ ಅದಕ್ಕೆ ಕೈ ಇತ್ತು" ಎನ್ನುತ್ತಾರೆ. ಎಲ್ಲವನ್ನೂ ನಿಲ್ಲಿಸಿದರು. ಇಳಿದು ಓಡಿ ಬಂದು, ತುರ್ನೊ ಅಕ್ಕನಿಗೆ ಬಾಯಿಗೆ ಬಂದಂತೆ ಬೈದರು. ಅಕ್ಕ ಬಾವಿಯ ಕಡೆ ಬೆರಳು ತೋರಿದರು. ಬೈಗುಳ ಅರ್ಧಕ್ಕೇ ನಿಂತಿತು. ಮೊಣಕಾಲವರೆಗೆ ನೀರಿನಲ್ಲಿ, ಅಲಗನ್ನು ಒಂದು ಕೈಯಲ್ಲಿ ಹಿಡಿದು, ತಲೆಯೆತ್ತಿ ನಿಂತಿದ್ದಾರೆ ಉದ್ದಣ್ಣ. ಅವರಿಗೆ ಭಯವೇ ಇಲ್ಲ! ಸಿಟ್ಟು ಬಂದಿದೆ. ನನ್ನ ಬೂಟಿನೊಳಗೆ ನೀರು ಬಿಟ್ಟವನು ಯಾರು, ನನ್ನ ಬದಲಿಯವನು ಎಲ್ಲಿ ಎಂದು ಅವರು ಕೂಗುತ್ತಿದ್ದುದನ್ನು ತುರ್ನೊ ಅಕ್ಕ ಬೆಲ್ಟಿನ ಮೇಲೆ ಕೂತೇ ಅನುವಾದಿಸಿದರಂತೆ. ಅನುವಾದಿಸುತ್ತಲೇ ಅಳು ಬಂತಂತೆ.

"ಅವತ್ತಿಂದ ಊಟಕ್ಕೆ ಕೂತಾಗ ಒಂದೊಂದ್ಸಲ ಈ ಬೆರಳನ್ನೇ ನೋಡ್ಕೊಂಡು ಕೂತಿರ್ತೀನಿ" ಎಂದು ಗುಂಡಿ ಅಣ್ಣ ಬಲಗೈಯ ತೋರುಬೆರಳನ್ನು ನನ್ನ ಮುಂದೆ ಹಿಡಿಯುತ್ತಾರೆ. "ಹೆಂಡತಿ ಕೇಳ್ತಾಳೆ, ಏನಾಯ್ತು, ಮುಳ್ಳು ಚುಚ್ಚಿತಾ ಅಂತ. ಏನಂತ ಹೇಳ್ಲಿ?"

ಉದ್ದಣ್ಣ ಯಾಕೆ ಹೆದರಲಿಲ್ಲ ಎಂಬುದು ನನ್ನನ್ನು ಬಿಡದೆ ಕಾಡುತ್ತದೆ. ನನ್ನ ಮೊದಲ ಭೇಟಿಯ ವೇಳೆಗೆ ಅವರ ಗುಂಪು ಕೆಲಸ ಮುಗಿಸಿ ಊರಿಗೆ ಹೊರಡುವ ಸಿದ್ಧತೆಯಲ್ಲಿದೆ. ಕಾಫಿ ಯಂತ್ರದ ಪಕ್ಕದ ಬೆಂಚಿನಲ್ಲಿ, ತುರ್ನೊ ಅಕ್ಕನನ್ನು ನಡುವೆ ಕೂರಿಸಿಕೊಂಡು ಅವರನ್ನು ಮಾತಾಡಿಸುತ್ತೇನೆ.

"ನಮ್ಮ ಮಿಲ್ಲಿನಲ್ಲಿ ಅಪ್ಪ ಕೆಲಸಕ್ಕಿದ್ದಾಗ ಸೈರನ್ ಆಗಾಗ ಕೆಡುತ್ತಿತ್ತು. ಅದನ್ನು ನಂಬಿ ಕೂರುವ ಹಾಗಿರಲಿಲ್ಲ. ಹಾಗಾಗಿ ಬಂದವನು ಹೆಗಲು ಮುಟ್ಟಬೇಕು. ಮುಟ್ಟುವವರೆಗೂ ಯಂತ್ರ ನಿನ್ನದು, ನಿನ್ನ ಯಂತ್ರವನ್ನು ಇನ್ನೊಬ್ಬ ಚಾಲೂ ಮಾಡುವ ಹಾಗಿಲ್ಲ. ನನಗೆ ಕೆಲಸ ಕಲಿಸುವಾಗ ಅಪ್ಪ ಮೊದಲು ಹೇಳಿದ ಮಾತು ಅದು" ಎನ್ನುತ್ತಾರೆ ಉದ್ದಣ್ಣ. "ಸೈರನ್ನಿಗೆ ತುರ್ನೊ ಮುಗಿಯುತ್ತದೆ ಎಂದಾಗ, ಆ ಹೊತ್ತಿಗೆ ಬದಲಿಯವನು ಬರುತ್ತಾನೆ ಎಂದೇ ತಿಳಿದೆ. ಅವತ್ತು ಬಾವಿಯೊಳಗೆ ನಾನು ಲೋಕದಲ್ಲೇ ಭದ್ರವಾದ ಜಾಗದಲ್ಲಿದ್ದೇನೆ ಎಂದುಕೊಂಡಿದ್ದೆ."

ಇಲ್ಲಿಯವರ ನಿಯಮದಲ್ಲಿ ತಪ್ಪಿಲ್ಲ. ಸೈರನ್ ಆದರೆ ಎಲ್ಲರೂ ಹೊರಗೆ, ಬಾವಿ ಖಾಲಿ. ಅವರ ನಿಯಮದಲ್ಲೂ ತಪ್ಪಿಲ್ಲ. ಮುಟ್ಟದಿದ್ದರೆ ಯಂತ್ರ ತಿರುಗದು, ಒಳಗಿರುವವನು ಕ್ಷೇಮ. ಒಂದೊಂದೇ ಇದ್ದಾಗ ಎರಡೂ ಮನುಷ್ಯನನ್ನು ಕಾಪಾಡುತ್ತವೆ. ಎರಡನ್ನೂ ಒಂದೇ ಬಾವಿಗೆ ಇಳಿಸಿದಾಗ ಒಬ್ಬ ಅಲಗಿನ ಪಕ್ಕ ನಿಶ್ಚಿಂತೆಯಿಂದ ಕಾಯುತ್ತಾನೆ, ಇನ್ನೊಬ್ಬ ನಿಶ್ಚಿಂತೆಯಿಂದ ಗುಂಡಿ ಒತ್ತುತ್ತಾನೆ.

ಇದಾದ ಮೇಲೆ ತುರ್ನೊ ಅಕ್ಕನಿಗೆ ಏನು ಸಿಕ್ಕಿತು? ಅನುಮತಿ ಇಲ್ಲದೆ ಬೆಲ್ಟು ಹತ್ತಿ ಯಂತ್ರ ನಿಲ್ಲಿಸಿದ್ದಕ್ಕೆ ಎರಡು ವಾರ ಹಜಾರಕ್ಕೆ ಕಾಲಿಡದಂತೆ ಹೊರಗೆ ಕೂರಿಸಿದರು. ಇದನ್ನು ಕೇಳಿ ನಾನು ಬೆಚ್ಚಿದ್ದಕ್ಕೆ ಅವರೇ ಸಮಾಧಾನ ಹೇಳುತ್ತಾರೆ. "ಹೋಗ್ಲಿ ಬಿಡಿ. ಹೊರಗೆ ಕೂತದ್ದಕ್ಕೇ ಬೋರ್ಡು ಶುರುವಾಯ್ತು. ಸುಮ್ನೆ ಕೂತು ಏನು ಮಾಡ್ಲಿ? ಹೋಗೋರು ಬರೋರನ್ನ ನಿಲ್ಲಿಸಿ ಕೇಳ್ತಿದ್ದೆ, ಪಾಳಿ ಅಂದ್ರೆ ಏನು, ಅದು ಯಾವಾಗ ಮುಗಿಯುತ್ತೆ, ತೋರಿಸು ಅಂತ. ಬಾಯಲ್ಲಿ ಹೇಳೋ ಹಾಗಿಲ್ಲ. ಮಾಡಿ ತೋರಿಸ್ಬೇಕು."

ಅಂದಿನಿಂದ ಅವರ ಕೆಲಸದ ರೀತಿಯೇ ಅದು. ಯಾವ ಪದವನ್ನೂ ಮೊದಲು ಬಾಯಲ್ಲಿ ಅನುವಾದಿಸುವುದಿಲ್ಲ. ಇಲ್ಲಿಯವರು ಮಾಡಿ ತೋರಿಸಬೇಕು, ಅಲ್ಲಿಯವರು ಮಾಡಿ ತೋರಿಸಬೇಕು, ಎರಡೂ ಒಂದೇ ಎಂದು ಕಣ್ಣಾರೆ ಕಂಡ ಮೇಲೆ ಪದ ಹಲಗೆಗೆ ಹೋಗುತ್ತದೆ. ಹೆಗಲು ಮುಟ್ಟುವುದು ಮೊದಲು ಉದ್ದಣ್ಣ, ಕುಳ್ಳಣ್ಣರ ನಡುವೆ ಶುರುವಾಯಿತು. ಕುಳ್ಳಣ್ಣ ಮುಟ್ಟಬೇಕಾದರೆ ಉದ್ದಣ್ಣ ಬಗ್ಗಬೇಕು. ಅದನ್ನು ನೋಡಲು ಜನ ಸೇರುತ್ತಿದ್ದರು. ನಗುತ್ತ ನಗುತ್ತ ಅದು ಇಡೀ ಹಜಾರಕ್ಕೆ ಹಬ್ಬಿತು. ಯಾರೂ ಆದೇಶ ಮಾಡಲಿಲ್ಲ.

"ನಿಮ್ಮ ಹೆಗಲು ಮುಟ್ಟೋರು ಯಾರು?" ಎಂದು ಕೇಳುತ್ತೇನೆ.

"ನನಗೆಲ್ಲಿ ಬದಲಿ ಸಾರ್? ಒಬ್ಬಳೇ ದುಭಾಷಿ. ನಾನು ಸೈರನ್ನಿಗೇ ಹೋಗೋದು" ಎಂದು ನಕ್ಕುಬಿಡುತ್ತಾರೆ.

ಎರಡನೇ ಸಲ ನನ್ನನ್ನು ಕರೆದವರು ತುರ್ನೊ ಅಕ್ಕನೇ. ಫೋನಿನಲ್ಲಿ ದನಿ ಬೇರೆಯಾಗಿದೆ. ಉದ್ದಣ್ಣನ ಗುಂಪು ಊರಿಗೆ ಹೋಗಿದೆ. ಅವರು ಹೋದ ಬೆನ್ನಿಗೇ ಮ್ಯಾನೇಜರರ ಆದೇಶ ಬಂದಿದೆ: ಸೋಮವಾರದಿಂದ ಹೆಗಲು ಮುಟ್ಟುವುದು ಬಂದ್. ಪಾಳಿ ಮೊದಲಿನಂತೆ ಸೈರನ್ನಿಗೇ ಮುಗಿಯಬೇಕು, ಸೈರನ್ ನಿಂತ ಕೂಡಲೇ ಯಂತ್ರ ಚಾಲೂ ಆಗಬೇಕು. ತಿಂಗಳ ಕೊನೆಗೆ ದುಭಾಷಿಯ ಕೆಲಸವೂ ಮುಗಿಯುತ್ತದೆ.

"ನನ್ನ ಕೆಲಸ ಹೋಗೋದು ಗೊತ್ತೇ ಇತ್ತು. ಮಾತಾಡಿಸೋರೇ ಇಲ್ಲದ ಮೇಲೆ ದುಭಾಷಿ ಯಾಕೆ? ಅದಕ್ಕಲ್ಲ ಕರೆದದ್ದು. ಮುಟ್ಟೋದು ನಿಲ್ಲಿಸಿದ್ರೆ ಯಾರೋ ಒಬ್ಬರು ಒಳಗೆ ಉಳೀತಾರೆ ಸಾರ್. ನನ್ನ ಮಾತು ಕೇಳ್ತಿಲ್ಲ. ನೀವಾದ್ರೂ ಬಂದು ನೋಡಿ."

ಮ್ಯಾನೇಜರರು ಕೆಟ್ಟವರಲ್ಲ. ಕುರ್ಚಿ ಹಾಕಿಸಿ ಕೂರಿಸುತ್ತಾರೆ, ಹೊಸ ಸೈರನ್ ತೋರಿಸುತ್ತಾರೆ. ಮೊದಲಿನದಕ್ಕಿಂತ ಜೋರಾದದ್ದು, ಜೊತೆಗೆ ತಿರುಗುವ ಹಳದಿ ದೀಪ. "ನೋಡಿ, ಆ ಪದ್ಧತಿ ಅವರದು. ಅವರ ಜೊತೆ ಬಂತು, ಅವರ ಜೊತೆ ಹೋಗ್ಲಿ. ನಮ್ಮವರಿಗೆ ಸೈರನ್ ಅಂದ್ರೆ ಏನು ಅಂತ ಹುಟ್ಟಿದಾಗಿಂದ ಗೊತ್ತು. ಒಬ್ಬರು ತಡಮಾಡಿದ್ರೆ ಇಡೀ ಸಾಲೇ ನಿಲ್ಲುತ್ತೆ." ಮಾತಿನಲ್ಲಿ ತರ್ಕವಿದೆ. ಒಂದು ಗಳಿಗೆ ನನಗೂ ಸರಿಯೆನಿಸುತ್ತದೆ.

ಸೋಮವಾರದ ಮುಂಜಾನೆ. ತುರ್ನೊ ಅಕ್ಕ ಮತ್ತು ನಾನು ಹಜಾರದ ಹಳದಿ ಗೆರೆಯ ಹೊರಗೆ, ಕೆಂಪು ಗುಂಡಿಯ ಕಂಬದ ಪಕ್ಕ ನಿಂತಿದ್ದೇವೆ. ಮ್ಯಾನೇಜರರು ಗಾಜಿನ ಕೋಣೆಯೊಳಗೆ ಗುಂಡಿ ಅಣ್ಣನ ಹಿಂದೆಯೇ ನಿಂತಿದ್ದಾರೆ. ಕೋಣೆಯ ಬಾಗಿಲು ತೆರೆದೇ ಇದೆ. ಹೊಸ ಸೈರನ್ ಎದೆಗೆ ಗುದ್ದಿದಂತೆ ಕೂಗುತ್ತದೆ. ಜನ ಒಬ್ಬರನ್ನೊಬ್ಬರು ನೋಡುತ್ತಾರೆ, ತಡವರಿಸುತ್ತಾರೆ, ಕೈ ಬಿಟ್ಟು ಹೊರಡುತ್ತಾರೆ. ಬಾವಿಯಿಂದ ಇಬ್ಬರು ಹತ್ತಿ ಬರುತ್ತಾರೆ, ಬೀಗ ತೆಗೆಯುತ್ತಾರೆ, ನಲ್ಲಿಯ ಕಡೆ ನಡೆಯುತ್ತಾರೆ. ಸೈರನ್ ನಿಲ್ಲುತ್ತದೆ. ಎಲ್ಲವೂ ಚೊಕ್ಕಟವಾಗಿದೆ.

ತುರ್ನೊ ಅಕ್ಕ ನಲ್ಲಿಯ ಬಳಿ ಸೇರಿದ ಮುಖಗಳನ್ನು ನೋಡುತ್ತಿದ್ದಾರೆ. ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ.

"ಕುಳ್ಳಣ್ಣ ಇಲ್ಲ."

ಅಷ್ಟು ಹೇಳಿ ಅವರು ಮಾಡುವ ಮೊದಲ ಕೆಲಸ ಕಂಬದ ಕೆಂಪು ಗುಂಡಿಯ ಮೇಲೆ ಅಂಗೈ ಒತ್ತಿ ಹಿಡಿಯುವುದು. ಈ ಸಲ ಅದು ಎಲ್ಲಿದೆಯೆಂದು ಅವರಿಗೆ ನೆನಪಿದೆ.

ಮೇಲೆ ಕೋಣೆಯಲ್ಲಿ ಮ್ಯಾನೇಜರರು "ಒತ್ತಿ" ಎನ್ನುತ್ತಾರೆ. ಗುಂಡಿ ಅಣ್ಣ ಕಿವಿಯ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟಿದ್ದಾರೆ. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಾರೆ.

"ಒತ್ತಿ ಅಂದೆನಲ್ಲ?"

"ಯಾರೂ ಅಂಗೈ ತೋರಿಸಿಲ್ಲ ಸಾರ್."

"ತೋರಿಸೋದು ಬೇಡ ಅಂತಾನೇ ಆದೇಶ ಇರೋದು!"

"ಹೌದು ಸಾರ್. ಈ ಬೆರಳು ಆಗಲ್ಲ ಅನ್ನುತ್ತೆ. ನೀವೇ ಒತ್ತಿಬಿಡಿ." ಗುಂಡಿ ಅಣ್ಣ ಎದ್ದು ಕುರ್ಚಿ ಬಿಟ್ಟುಕೊಡುತ್ತಾರೆ.

ಮ್ಯಾನೇಜರರು ಕುರ್ಚಿಯನ್ನೂ ಗುಂಡಿಯನ್ನೂ ನೋಡುತ್ತಾರೆ. ಅವರ ಕೈ ಮುಂದಕ್ಕೆ ಹೋಗುತ್ತದೆ. ಗುಂಡಿಯ ಮೇಲೆ ಗಾಳಿಯಲ್ಲಿ ನಿಲ್ಲುತ್ತದೆ. ಪಾಳಿ ಬದಲಿಗೆಂದು ಯಂತ್ರಗಳೆಲ್ಲ ನಿಂತಿರುವ ಆ ನಿಶ್ಶಬ್ದದಲ್ಲಿ, ನೆಲದೊಳಗಿನಿಂದ, ಒಂದು ಗೊಗ್ಗರು ದನಿ ಏಳುತ್ತದೆ.

"ಏ, ಯಾರು ಬರ್ತೀರ್ರೋ? ಸೊಂಟ ಹಿಡ್ಕೊಂತ್ರಪ್ಪ!"

ನಾನು ಅಂಚಿಗೆ ಹೋಗಿ ಬಗ್ಗುತ್ತೇನೆ. ಕುಳ್ಳಣ್ಣ ಅಲಗಿನ ಕೆಳಗೆ ಅಂಗಾತ ಮಲಗಿದ್ದಾನೆ. ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ತುಂಡು ತಂತಿ. ಕೆಲಸ ಮುಗಿದಿದೆ. ಸುಮ್ಮನೆ ಕಾಯುತ್ತಿದ್ದಾನೆ. ದೂರದೇಶದವನಲ್ಲ, ಈ ಮಿಲ್ಲಿನ ಸೈರನ್ ಕೇಳುತ್ತಲೇ ಬೆಳೆದವನು, ಎರಡು ಓಣಿಯಾಚೆಯ ಮನೆಯವನು.

ಮ್ಯಾನೇಜರರು ಮೆಟ್ಟಿಲಿಳಿದು ಬರುತ್ತಾರೆ. ಮುಖ ಬಾವಿಯಿಂದ ತೆಗೆದ ಕಾಗದದ ಹಿಟ್ಟಿನಂತೆ ಬಿಳಿಚಿದೆ. ಅಂಚಿನಲ್ಲಿ ನಿಂತು ಕೆಳಗೆ ನೋಡುತ್ತಾರೆ. "ಸೈರನ್ ಕೇಳಿಸಲಿಲ್ವೇನೋ?"

"ಕೇಳಿಸ್ತು ಸಾರ್. ಹೊಸದು ಚೆನ್ನಾಗಿದೆ."

"ಮತ್ತೆ?"

ಕುಳ್ಳಣ್ಣ ಮಲಗಿದ್ದಲ್ಲಿಂದಲೇ ಯೋಚಿಸುತ್ತಾನೆ. ಆದೇಶ ನೆನಪಾಗುತ್ತದೆ. ಅವನ ಕಣ್ಣು ತಲೆಯ ಮೇಲಿನ ಅಲಗಿನತ್ತ ಹೋಗುತ್ತದೆ, ಮಾತು ತೊದಲುತ್ತದೆ. "ಯಾರೂ ಬಂದು ಮುಟ್ಟಲಿಲ್ಲವಲ್ಲ ಸಾರ್... ಹಾಗಾಗಿ ಇನ್ನೂ ನಂದೇ ಅಂತ... ಕಾಲು ಏಳಲೇ ಇಲ್ಲ."

ಮ್ಯಾನೇಜರರು ಯಾರನ್ನೂ ನೋಡದೆ ಹೇಳುತ್ತಾರೆ. "ಯಾರಾದ್ರೂ ಇಳಿದು ಅವನನ್ನ ಮುಟ್ರಪ್ಪ."

ಕೆಂಪು ಗುಂಡಿಯ ಮೇಲಿದ್ದ ತುರ್ನೊ ಅಕ್ಕನ ಅಂಗೈ ಆಗ ಕೆಳಗಿಳಿಯುತ್ತದೆ. ಅದರ ತುಂಬ ಗುಂಡಿಯ ಅಚ್ಚು ಮೂಡಿದೆ.

ಆದೇಶ ವಾಪಸಾಗಿದೆಯೇ? ನಾನು ಇದನ್ನು ಬರೆದು ಮುಗಿಸುವವರೆಗೂ ಇಲ್ಲ. ಆದರೆ ಸೈರನ್ ಆದ ಮೇಲೆ ಗುಂಡಿ ಅಣ್ಣ ಅಂಗೈಗಾಗಿ ಕಾಯುತ್ತಾರೆ, ಮ್ಯಾನೇಜರರು ಆ ಹೊತ್ತಿಗೆ ಸರಿಯಾಗಿ ಬೇರೆಲ್ಲೋ ನೋಡುತ್ತಿರುತ್ತಾರೆ. ತುರ್ನೊ ಅಕ್ಕನ ಕೆಲಸ ಮಾತ್ರ ತಿಂಗಳ ಕೊನೆಗೆ ಮುಗಿಯುವುದು ಖಚಿತ. ಮುಂದೇನು ಎಂದರೆ, ಗಂಡನ ಸೀಟು ಕವರಿಗೆ ಕಾಜ ಹೊಲಿಯುತ್ತೇನೆ, ಅತ್ತೆಯ ಕಡೆಯ ಮಾತು ಗಂಡನಿಗೆ ದಾಟಿಸುತ್ತೇನೆ ಎನ್ನುತ್ತಾರೆ. ಮತ್ತೆ ಫ್ರಿಜ್ಜಿನ ಬೈಗುಳ ಕೇಳಲು ಇನ್ನೊಂದು ಕಿವಿಯನ್ನು ಕೊಡುವುದಿಲ್ಲವಂತೆ.

ಆ ಸೋಮವಾರ ಅವರ ಜೊತೆಯೇ ಗೇಟಿನವರೆಗೆ ನಡೆದು ಬರುತ್ತೇನೆ. ಕರಿಹಲಗೆಯ ಮೇಲೆ ಆ ದಿನದ ಪದ ಇನ್ನೂ ಬರೆದಿಲ್ಲ. ಮೇಲಿನ ಸಾಲು ಮಾತ್ರ ಇದೆ. ನಿಮಗೇನು ಆಸೆ ಎಂದು ಕೇಳುತ್ತೇನೆ.

"ಬೋರ್ಡು ಒರೆಸಿಹೋದ್ರೂ ಪರವಾಗಿಲ್ಲ ಸಾರ್. ಗುಂಡಿ ಒತ್ತೋ ಮುಂಚೆ ಒಂದು ಸಲ ಮುಖ ನೋಡ್ಲಿ. ಅಷ್ಟು ಸಾಕು."

ಹಿಂದಿನಿಂದ ಒದ್ದೆ ಬೂಟಿನ ಸದ್ದು. ಕುಳ್ಳಣ್ಣ ಬಂದು ನಿಲ್ಲುತ್ತಾನೆ. ಮೈತುಂಬ ಕೆಸರು. ತನ್ನ ಕೆಸರುಗೈಯನ್ನು ನೋಡಿಕೊಳ್ಳುತ್ತಾನೆ. ಹಲಗೆಯ ಕೆಳಗಿದ್ದ ಡಸ್ಟರ್ ತೆಗೆದುಕೊಂಡು, ಕೈಯನ್ನು ಆದಷ್ಟು ಮೇಲೆ ಚಾಚಿ, ಅದರ ಅಂಚಿನಿಂದ ತುರ್ನೊ ಅಕ್ಕನ ಹೆಗಲನ್ನು ಮೆಲ್ಲಗೆ ಮುಟ್ಟುತ್ತಾನೆ.

"ಅಕ್ಕಾ, ರಾತ್ರಿಯೆಲ್ಲ ನಿದ್ದೆ ಮಾಡಿದ ಹಾಗಿಲ್ಲ. ಮನೆಗೆ ಹೋಗಿ. ಬೋರ್ಡು ನಂದು."

ಅವರು ಅವನನ್ನು ಕ್ಷಣಹೊತ್ತು ನೋಡುತ್ತಾರೆ. "ನಿನ್ನ ಬರಹ ಕೋಳಿ ಕೆದಕಿದ ಹಾಗಿರುತ್ತೆ."

"ಓದೋಕಾದ್ರೆ ಸಾಕಲ್ಲ."

"ಮೇಲಿನ ಸಾಲು ಒರೆಸಬೇಡ."

"ನನ್ನ ಕೈಗೆ ಎಟುಕಿದ್ರೆ ತಾನೇ ಅಕ್ಕ ಒರೆಸೋದು!"

"ನಿಂದು" ಎನ್ನುತ್ತಾರೆ ತುರ್ನೊ ಅಕ್ಕ. ಈ ಮಿಲ್ಲಿನಲ್ಲಿ ಆ ಮಾತನ್ನು ಅವರು ಹೇಳಿದ್ದು ಅದೇ ಮೊದಲು. ಗೇಟು ದಾಟಿ ಓಣಿಯ ಕಡೆ ನಡೆಯುತ್ತಾರೆ. ನೀಲಿ ಕೋಟಿನ ಹೆಗಲ ಮೇಲೆ ಸೀಮೆಸುಣ್ಣದ ಬಿಳಿ ಗುರುತು. ಅದನ್ನು ಅವರು ಕೊಡವಿಕೊಳ್ಳುವುದಿಲ್ಲ.